ಜಾಯ್‌ಸ್ಟಿಕ್ಕಿನ ಆಯ್ಕೆ

ಕಮೊಡೋರ್ ೬೪ ಎಂಬ ಗೃಹೋಪಯೋಗಿ ಗಣಕಯಂತ್ರವು ಅಮೆರಿಕೆಯಲ್ಲಿ ಮಾರಾಟಕ್ಕೆ ಬಂದುದು ೧೯೮೨ರಲ್ಲಿ. ಅಂದು ಅದರ ಮುಂದೆ ಕುಳಿತು ಆಡಿದ ಅಲ್ಲಿಯ ಬಾಲಕರು ಇಂದು ತಲೆ ನರೆತ ಗೃಹಸ್ಥರು. ಅವರಲ್ಲಿ ಕೆಲವರು ಅಟ್ಟದಿಂದ ಯಂತ್ರವನ್ನಿಳಿಸಿ, ಧೂಳೊರಸಿ, ಮತ್ತೆ ಹೂಡುತ್ತಾರೆ. ಯಂತ್ರವೇನೋ ಎಚ್ಚರಗೊಳ್ಳುತ್ತದೆ, ಆದರೆ ಆಡಲು ಬೇಕಾದ ಜಾಯ್‌ಸ್ಟಿಕ್ ಮುರಿದೋ ಕಳೆದೋ ಹೋಗಿರುತ್ತದೆ. ಹಳೆಯ ಸಾಮಾನಿನ ಪೇಟೆಯಲ್ಲಿ ಬಗೆಬಗೆಯವು ದೊರೆಯುತ್ತವೆ. ಯಾವುದನ್ನು ಕೊಳ್ಳಬೇಕು?

ಜಾಯ್‌ಸ್ಟಿಕ್ ಎಂಬುದು ಮೊದಲು ವಿಮಾನಚಾಲಕರ ಮಾತು. ವಿಮಾನವನ್ನು ನಡೆಸುವ ಹಿಡಿಗೋಲಿಗೆ ಆ ಹೆಸರು. ಆಟದ ಜಾಯ್‌ಸ್ಟಿಕ್ಕುಗಳಲ್ಲಿ ಎರಡು ಜಾತಿಗಳುಂಟು. ೧೯೮೧ರ ಐಬಿಎಂ ಪಿಸಿಗೆ ಹೊಂದುವಂಥದು ಕೋಲು ಎಷ್ಟು ಬಾಗಿತೆಂಬುದನ್ನು ಅಳೆಯುತ್ತದೆ. ವಿಮಾನದ ಆಟಕ್ಕೆ ಅದು ತಕ್ಕುದು. ಕಮೊಡೋರಿನದು ಯಾವ ಕಡೆಗೆ ಬಾಗಿತೆಂಬುದನ್ನು ಮಾತ್ರ ತಿಳಿಸುತ್ತದೆ. ನಾಲ್ಕು ದಿಕ್ಕಿಗೆ ನಾಲ್ಕು ಸ್ವಿಚ್ಚು, ಜೊತೆಗೊಂದು ಗುಂಡಿ: ಇಷ್ಟೇ ಅದರ ಸಂಸಾರ. ಔಚಿತ್ಯವೇ ಕಾವ್ಯದ ಜೀವವೆಂದು ಬಗೆದ ಕಾಶ್ಮೀರದ ಆಲಂಕಾರಿಕ ಕ್ಷೇಮೇಂದ್ರನ ವಿಚಾರವು ಇಲ್ಲಿಯೂ ಸಲ್ಲುತ್ತದೆ. ಎಷ್ಟೇ ಉತ್ತಮವಾಗಿದ್ದರೂ ಯಂತ್ರಕ್ಕೆ ಹೊಂದದಿದ್ದುದು ನಿಷ್ಪ್ರಯೋಜಕವೇ ಸರಿ.

ಹೊಂದುವವುಗಳಲ್ಲಿ ಹಿರಿಯದು ಅಟಾರಿ ಕಂಪೆನಿಯದು: ಕರಿಯ ಚೌಕ ಪೆಟ್ಟಿಗೆ, ಮೂಲೆಯಲ್ಲಿ ಕೆಂಪು ಗುಂಡಿ. ಅದು ಬೇರೊಂದು ಯಂತ್ರಕ್ಕಾಗಿ ಹುಟ್ಟಿದ್ದರೂ, ಒಂಬತ್ತು ಸೂಜಿಗಳ ಅದೇ ಜೋಡಣೆಯನ್ನು ಕಮೊಡೋರಿನವರೂ ಇಟ್ಟುಕೊಂಡುದರಿಂದ ಇಲ್ಲಿಯೂ ನಡೆಯುತ್ತದೆ. ಒಳಗೆ ಗುಮ್ಮಟದಾಕಾರದ ಲೋಹದ ಪುಟ್ಟ ಬಿಲ್ಲೆಗಳಿವೆ. ಆದರೆ ಕೋಲಿನ ಪ್ಲಾಸ್ಟಿಕ್ ಭಾಗವು ಸವೆದು ಸೀಳುತ್ತದೆ. ೧೯೮೩ರ ಡೆಕಥ್ಲಾನ್ ಎಂಬ ಆಟದಲ್ಲಿ ಓಟಗಾರನನ್ನು ಓಡಿಸಲು ಕೋಲನ್ನು ಎಡಬಲಕ್ಕೆ ಬಿಡುವಿಲ್ಲದೆ ಅಲುಗಿಸಬೇಕಾಗಿತ್ತು. ಅದರಿಂದ ಮುರಿದ ಕೋಲುಗಳ ಮಾತು ಆಟಗಾರರಲ್ಲಿ ಇಂದಿಗೂ ಪ್ರಸಿದ್ಧ. ಮೈಕ್ರೋಸ್ವಿಚ್ಚುಳ್ಳವು ಕಟಕಟನೆ ಸದ್ದು ಮಾಡಿ, ಆಜ್ಞೆ ಮುಟ್ಟಿತೆಂದು ಬೆರಳಿಗೆ ತಿಳಿಸುತ್ತವೆ. ಕೆಟ್ಟ ಸ್ವಿಚ್ಚನ್ನು ಬದಲಿಸಲೂಬಹುದು. ನಿತ್ಯ ಆಡುವವರಿಗೆ ಇವೇ ಲೇಸು.

ಪೆಟ್ಟಿಗೆಯಿಂದ ತೆಗೆಯದ ಹಳೆಯ ಜಾಯ್‌ಸ್ಟಿಕ್ಕಿಗೆ ಹೆಚ್ಚಿನ ಬೆಲೆ ತೆರುವವರೂ ಉಂಟು. ಅದು ಗಾಜಿನ ಬೀರುವನ್ನು ಸೇರುತ್ತದೆ; ಆಡಿದರೆ ಬೆಲೆ ಇಳಿದೀತೆಂಬ ಭಯ. ಅವರು ಅರಸುವ ಬಾಲ್ಯವು ಆ ಬೀರುವಿನಲ್ಲಿ ದೊರೆಯದು. ಅಂದಿನ ಸುಖದಲ್ಲಿ ಅರ್ಧ ಪಾಲು ಮಗ್ಗುಲಲ್ಲಿ ಕುಳಿತಿದ್ದ ತಮ್ಮನದು ಅಥವಾ ನೆರೆಮನೆಯ ಗೆಳೆಯನದು.

ಕಮೊಡೋರಿನ ಬಲಮಗ್ಗುಲಲ್ಲಿ ಜಾಯ್‌ಸ್ಟಿಕ್ಕಿಗೆಂದು ಎರಡು ದ್ವಾರಗಳಿವೆ. ಮೊದಲನೆಯದು ಕೀಲಿಮಣೆಯೊಡನೆ ತಂತಿಗಳನ್ನು ಹಂಚಿಕೊಂಡಿರುವುದರಿಂದ, ಒಬ್ಬನೇ ಆಡುವ ಅನೇಕ ಆಟಗಳು ಎರಡನೆಯದನ್ನೇ ಬಯಸುತ್ತವೆ, ಮೊದಲನೆಯದು ಬರಿದಾಗಿರುತ್ತದೆ. ಒಂದು ದುರ್ಲಭ ವಸ್ತುವಿಗೆ ತೆರುವ ಹಣದಲ್ಲಿ ಸಾಧಾರಣವಾದ ಎರಡನ್ನು ಕೊಂಡು, ಒಂದನ್ನು ಮಗಳ ಕೈಗೋ ಮೊಮ್ಮಗನ ಕೈಗೋ ಕೊಡುವುದು ಮೇಲು. ಮುರಿದರೆ ಮುರಿಯಲಿ, ದುರಸ್ತಿಗೂ ಇಬ್ಬರಿರುತ್ತಾರೆ.