ಹೆಸರು ಕಿತ್ತ ಮೇಲೆ

ಅಹಮದಾಬಾದಿನ ನಮ್ಮ ಬಡಾವಣೆಯ ಹೆಸರು ಸ್ಯಾಟಲೈಟ್. ಪಕ್ಕದಲ್ಲೇ ಇಸ್ರೋದ ಬಾಹ್ಯಾಕಾಶ ಅನ್ವಯಿಕ ಕೇಂದ್ರ ಇರುವುದರಿಂದ ಬಂದದ್ದು. ಶಿವರಂಜನಿ ಚಾರ್ ರಸ್ತಾದಲ್ಲಿ ನಿಂತು ‘ಸೆಟೆಲೈಟ್’ ಅಂದರೆ ಆಟೋದವನು ಆಕಾಶ ನೋಡುವುದಿಲ್ಲ, ನಮ್ಮ ಲಗೇಜು ನೋಡುತ್ತಾನೆ. ಇಲ್ಲಿನ ಬಾಡಿಗೆ ಮನೆಯ ಊಟದ ಟೇಬಲ್ಲಿನ ಮೇಲೆ ಮೂರು ವಾರದಿಂದ ನನ್ನ ಪೇಪರ್ ಹರಡಿಕೊಂಡಿದೆ. ವಿಷಯ, ಉಪಗ್ರಹದ ಕಣ್ಣಿಗೆ ಕಂಡ ಕಲಬುರಗಿ ತೊಗರಿ.

ಬರೆದು ಮುಗಿಸಿದ ಮೇಲೂ ಇಷ್ಟು ಕೆಲಸ ಬಾಕಿ ಇರುತ್ತದೆಂದು ಯಾರೂ ಹೇಳಿರಲಿಲ್ಲ. ಸಾರಾಂಶ 250 ಪದ ದಾಟಬಾರದು, ನನ್ನದು 311. ಸಾಲುಸಾಲಿಗೂ ನಂಬರು, ಚಿತ್ರಗಳಿಗೆ 300 ಡಿಪಿಐ. ಸಂಪಾದಕರಿಗೊಂದು ಪತ್ರ ಬೇರೆ. ಅದರಲ್ಲಿ ಹೆಣ್ಣು ತೋರಿಸುವವರ ಹಾಗೆ ನಮ್ಮ ಪೇಪರಿನ ಗುಣಗಾನ ನಾವೇ ಮಾಡಬೇಕು. ಒಳಗೆ ಮಾತ್ರ ‘ಗಮನಿಸಲಾಯಿತು’, ‘ಕಂಡುಬಂದಿತು’. ಯಾರು ಗಮನಿಸಿದರು, ಯಾರಿಗೆ ಕಂಡಿತು ಅಂತ ಕೇಳುವ ಹಾಗಿಲ್ಲ.

ನನಗಂತೂ ಕಂಡಿರಲಿಲ್ಲ. ಸೆಂಟಿನೆಲ್-2 ಉಪಗ್ರಹದ ಚಿತ್ರದಲ್ಲಿ ಒಂದು ಚುಕ್ಕೆಯೆಂದರೆ ನೆಲದ ಮೇಲೆ 10 ಮೀಟರಿನ ಚೌಕ. ನಮ್ಮ ಕಾಕಾನ ಎರಡೆಕರೆ ಹೊಲ ಸುಮಾರು 80 ಚುಕ್ಕೆ. (ಗುಜರಾತಿಯಲ್ಲೂ ಅಪ್ಪನ ತಮ್ಮ ಕಾಕಾನೇ, ಅಷ್ಟರಮಟ್ಟಿಗೆ ಇದು ನಮ್ಮೂರೇ.) ಆ ಚುಕ್ಕೆಗಳ ಹಸಿರು ಜುಲೈಯಿಂದ ಏರುತ್ತ ಹೋಗಿ, ಆಗಸ್ಟ್ ಕೊನೆಗೆ ದಬಕ್ಕನೆ ಬಿದ್ದು, ಮತ್ತೆ ಎದ್ದಿತ್ತು. ಮೋಡದ ಕಿತಾಪತಿ ಎಂದುಕೊಂಡು ಎರಡು ತಿಂಗಳು ಮೋಡ ಸೋಸಿದೆ. ಗುಂಡಿ ಹಾಗೇ ಉಳಿಯಿತು. ಕೊನೆಗೆ ಕಾಕಾಗೆ ಫೋನು ಮಾಡಿದೆ.

‘ಅಲ್ಲೋ ತಮ್ಮಾ, ಅವಾಗ ಹೆಸರು ಕಿತ್ತೀವಲ್ಲ! ತೊಗರಿ ಇನ್ನಾ ಸಣ್ಣದಿತ್ತು. ಸಾಲಿನ ನಡುವ ಬರೇ ಕರಿ ನೆಲ. ಹಸರ ಎಲ್ಲಿಂದ ಕಾಣಬೇಕು?’

ತೊಗರಿಯ ಸಾಲುಗಳ ನಡುವೆ ಅಕ್ಕಡಿಯಾಗಿ ಹಾಕಿದ ಹೆಸರು ಎರಡು ತಿಂಗಳಿನ ಬೆಳೆ. ಅದು ಮನೆಗೆ ಬಂದ ಮೇಲೆಯೇ ತೊಗರಿ ಹರಡಿಕೊಳ್ಳುವುದು. ಆ ಜಿಲ್ಲೆಯಲ್ಲೇ ಹುಟ್ಟಿದ ನನಗೆ ಇದು ನೆನಪಿಗೆ ಬಾರದ್ದಕ್ಕೆ ಯಾವ ಮೋಡವನ್ನು ದೂರಲಿ?

ಈಗ ಕಾಕಾನನ್ನು ಉಲ್ಲೇಖಿಸುವುದು ಹೇಗೆ? ಬಾಯಿಮಾತಿಗೆ ರೆಫರೆನ್ಸ್ ಪಟ್ಟಿಯಲ್ಲಿ ಜಾಗವಿಲ್ಲ. ‘ಖಾಸಗಿ ಸಂವಹನ’ ಅನ್ನಬಹುದು, ಆದರೆ ಅವನ ಲಿಖಿತ ಒಪ್ಪಿಗೆ ಬೇಕು. ಕೇಳಿದೆ. ‘ಸಹಿ ಯಾಕ? ನಾ ಏನ್ ಸಾಲ ತಗೊಂಡೀನೇನು?’ ಅಂದ. ಸಹಲೇಖಕರು ಸುಲಭದ ದಾರಿ ತೋರಿದರು: ‘ಕ್ಷೇತ್ರ ಪರಿಶೀಲನೆಯಿಂದ ದೃಢಪಟ್ಟಿದೆ’ ಅಂತ ಬರೆದುಬಿಡಿ. ಬರೆದೆ. ಸಾರಾಂಶವೂ 250ಕ್ಕೆ ಇಳಿಯಿತು.

1975ರ ಆಗಸ್ಟ್ 1ರಿಂದ ಒಂದು ವರ್ಷ ಇದೇ ಅಹಮದಾಬಾದಿನ ಭೂಕೇಂದ್ರ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ಕಳಿಸಿತ್ತು. ‘ಸೈಟ್’ ಎಂಬ ಆ ಪ್ರಯೋಗದಲ್ಲಿ ಆಗ ಗುಲ್ಬರ್ಗಾ ಎನಿಸಿದ್ದ ನಮ್ಮ ಕಲಬುರಗಿ ಜಿಲ್ಲೆಯ ಹಳ್ಳಿಗಳೂ ಇದ್ದವು. ಬೇಸಾಯದ ಪಾಠ ಇಲ್ಲಿಂದ ಅಲ್ಲಿಗೆ ಹೋಗುತ್ತಿತ್ತು. ಅಲ್ಲಿಂದ ಇಲ್ಲಿಗೆ ಬಂದ ಪಾಠಕ್ಕೆ ಕೃತಜ್ಞತೆಯ ಎರಡು ಸಾಲಾದರೂ ಇರಲೆಂದು ಕಾಕಾನನ್ನು ಅಲ್ಲಿ ಕೂರಿಸಿದೆ. ವಿಮರ್ಶಕರಿಗೆ ಯಾರ ಗುರುತೂ ಸಿಗಬಾರದಂತೆ; ಅವರಿಗೆ ಹೋಗುವ ಪ್ರತಿಯಿಂದ ಆ ಎರಡು ಸಾಲನ್ನೂ ಕೀಳಬೇಕಾಯಿತು.

ರಾತ್ರಿ ಒಂದೂವರೆಗೆ ಕೊನೆಯ ಪುಟ ಬಂತು. ‘ಕೆಲಸದಲ್ಲಿ ಪಾಲ್ಗೊಂಡ ಎಲ್ಲರ ಹೆಸರನ್ನೂ ಸೇರಿಸಿದ್ದೀರಾ?’ ಟಿಕ್ ಹಾಕಿ ಕಳಿಸಿದೆ. ನಿದ್ದೆ ಬರಲಿಲ್ಲ. ಅಡುಗೆಮನೆಗೆ ಹೋಗಿ, ಕಾಕಾ ಕಳಿಸಿದ ಡಬ್ಬಿ ತೆಗೆದು, ಬೆಳಗಿನ ಉಸಳಿಗೆ ಒಂದು ಬಟ್ಟಲು ಹೆಸರು ನೆನೆಹಾಕಿದೆ.