ಭೀಮೆಯ ದಂಡೆಯಲ್ಲಿ ಎರಡು ಎಂಜಿನ್ನುಗಳು

ಕಲಬುರಗಿಯ ವಾಯವ್ಯಕ್ಕೆ ಆಳಂದ, ಪಶ್ಚಿಮಕ್ಕೆ ಅಫಜಲಪುರ, ದಕ್ಷಿಣಕ್ಕೆ ಜೇವರ್ಗಿ. ಮೂರೂ ತೊಗರಿಯ ನಾಡುಗಳೇ. ಕಣ್ಣು ಹಾಯುವಷ್ಟು ದೂರ ಎರೆಭೂಮಿ. ಆಳಂದದ ನೆಲದಲ್ಲಿ ಹರಿದು ಬರುವ ಅಮರ್ಜಾ ನದಿಯು ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ದತ್ತಾತ್ರೇಯನ ಭಕ್ತರು ಈ ಸಂಗಮದಲ್ಲಿ ಮಿಂದು ಧನ್ಯರಾಗುತ್ತಾರೆ. ಅದೇ ನೀರನ್ನು ಹೊಲಕ್ಕೆ ಏರಿಸಬೇಕಾದ ರೈತನಿಗೆ ಮಾತ್ರ ಬೇರೊಂದು ಚಿಂತೆ: ಯಾವ ಎಂಜಿನ್ನನ್ನು ಕೊಳ್ಳಬೇಕು?

ವಿದ್ಯುತ್ ಮೋಟಾರು ಬಂದ ಮೇಲೂ, ತಂತಿ ತಲುಪದ ಕಡೆಗೆ ಡೀಸೆಲ್ ಎಂಜಿನ್ನೇ ಗತಿ. ಅದರಲ್ಲಿ ಎರಡು ಕುಲಗಳಿವೆ. ಒಂದು, ಇಂಗ್ಲೆಂಡಿನ ಲಿಸ್ಟರ್ ಮಾದರಿಯದು. ಅದರ ಸಿಲಿಂಡರಿನ ಅಗಲ 114.3 ಮಿಲಿಮೀಟರು, ಪಿಸ್ಟನ್ ಒಮ್ಮೆ ಚಲಿಸುವ ದೂರ, ಅಂದರೆ ಸ್ಟ್ರೋಕ್, 139.7 ಮಿಲಿಮೀಟರು. ನಿಮಿಷಕ್ಕೆ 650 ಸುತ್ತು ತಿರುಗಿ 6 ಅಶ್ವಶಕ್ತಿಯನ್ನು ಕೊಡುತ್ತದೆ. ಇನ್ನೊಂದು, ಕಿರ್ಲೋಸ್ಕರ್ ಎವಿ-1ರಂಥದು. ಅಗಲ 80, ಸ್ಟ್ರೋಕ್ 110. ಸುತ್ತು 1500, ಶಕ್ತಿ 5.

ಶಕ್ತಿಯಲ್ಲಿ ಇಷ್ಟೇ ಅಂತರವಾದರೆ ಆಯ್ಕೆಯೇಕೆ ಕಷ್ಟ? ಪಿಸ್ಟನ್ನಿನ ನಡಿಗೆಯನ್ನು ನೋಡಬೇಕು. ಮೊದಲನೆಯದರಲ್ಲಿ ಅದು ಸೆಕೆಂಡಿಗೆ ಸುಮಾರು 3 ಮೀಟರು ಓಡಾಡಿದರೆ, ಎರಡನೆಯದರಲ್ಲಿ 5.5 ಮೀಟರು. ನಿಧಾನ ನಡೆಯುವುದು ನಿಧಾನವಾಗಿ ಸವೆಯುತ್ತದೆ. ತಿರುಗಿಸುವ ಬಲವೂ ಅದರಲ್ಲಿ ಎರಡೂವರೆ ಪಟ್ಟಿಗಿಂತ ಹೆಚ್ಚು. ಓಟದ ಮೋಟಾರಿನ ಮೋಜುಗಾರರು ಕ್ರ್ಯಾಂಕ್ ದಂಡವನ್ನೇ ಬದಲಿಸಿ ಸ್ಟ್ರೋಕನ್ನು ಹೆಚ್ಚಿಸಿಕೊಳ್ಳುವುದೂ ಈ ಬಲದ ಆಸೆಯಿಂದಲೇ. ಆದರೆ ಉದ್ದ ಸ್ಟ್ರೋಕಿನ ಎಂಜಿನ್ನನ್ನು ವೇಗವಾಗಿ ಓಡಿಸಿದರೆ ಪಿಸ್ಟನ್ನಿನ ನಡಿಗೆಯೂ ವಿಪರೀತ ಹೆಚ್ಚಿ, ಆ ಬಲವೇ ಸವೆತವಾಗಿ ಪರಿಣಮಿಸುತ್ತದೆ.

ಹಾಗಾದರೆ ನಿಧಾನದ್ದೇ ಮೇಲೆಂದು ತೀರ್ಮಾನಿಸಬಹುದೆ? ಅನುಭವಸ್ಥ ಮಿಸ್ತ್ರಿ ಒಪ್ಪುವುದಿಲ್ಲ. ಅವನ ಮೊದಲ ಪ್ರಶ್ನೆ ಯಂತ್ರದ್ದಲ್ಲ, ನೆಲದ್ದು: “ಬಾವಿಗೋ, ಹೊಳಿ ದಂಡಿಗೋ? ಅದನ್ನ ಮೊದಲ ಹೇಳ್ರಿ ಗೌಡ್ರ!”

ಆ ಪ್ರಶ್ನೆಯಲ್ಲಿ ಪ್ರಕೃತಿಯ ನಿಯಮವೊಂದು ಅಡಗಿದೆ. ಪಂಪು ನೀರನ್ನು ಹೀರುವುದು ಗಾಳಿಯ ಒತ್ತಡದ ಆಸರೆಯಿಂದ. ರೂಢಿಯಲ್ಲಿ ಆರೇಳು ಮೀಟರಿಗಿಂತ ಕೆಳಗಿನ ನೀರು ಅದಕ್ಕೆ ದಕ್ಕದು. ಆಳಂದದ ಕಡೆಯ ಬಾವಿಯೊಂದರಲ್ಲಿ ನೀರು ಆ ಮಿತಿಯೊಳಗಿದ್ದರೆ, ಭಾರಿ ಗಾಲಿಗಳ ನಿಧಾನದ ಎಂಜಿನ್ನನ್ನು ಗಚ್ಚಿನ ಕಟ್ಟೆಯ ಮೇಲೆ ಕೂರಿಸಿ, ಪಂಪಿಗೆ ಪಟ್ಟಿ ಹಾಕಿ, ವರ್ಷಗಟ್ಟಲೆ ದುಡಿಸಬಹುದು. ಅಫಜಲಪುರ, ಜೇವರ್ಗಿಗಳ ಹೊಳೆದಂಡೆಯಲ್ಲಿ ಹಾಗಲ್ಲ. ಬೇಸಗೆಯಲ್ಲಿ ಭೀಮೆ ಇಳಿದಂತೆಲ್ಲ ಪಂಪೂ ಇಳಿಯಬೇಕು. ಮಳೆಗಾಲದಲ್ಲಿ ಅದನ್ನು ದಂಡೆಯ ಮೇಲಕ್ಕೆ ಹೊರಬೇಕು. ಪಂಪಿಗೆ ನೇರವಾಗಿ ಜೋಡಿಸಬಲ್ಲ ಹಗುರ ಎಂಜಿನ್ನು ಇಲ್ಲಿ ಒಪ್ಪುತ್ತದೆ.

2020ರ ಅಕ್ಟೋಬರಿನ ಮಹಾಪೂರ ಈ ಮಾತಿಗೆ ಸಾಕ್ಷಿ. ಮೇಲ್ದಂಡೆಯ ಮಹಾರಾಷ್ಟ್ರದಿಂದ ನುಗ್ಗಿದ ನೀರು ಈ ಎರಡು ತಾಲೂಕುಗಳ ದಂಡೆಯ ಊರುಗಳನ್ನೂ ಹೊಲಗಳನ್ನೂ ಆವರಿಸಿತು. ಅಂಥ ರಾತ್ರಿಯಲ್ಲಿ ಸವೆತದ ಲೆಕ್ಕವನ್ನು ಕೇಳುವವರಾರು? ನಾಲ್ವರು ಎತ್ತಬಲ್ಲ ಯಂತ್ರ ಉಳಿಯುತ್ತದೆ. ಕಟ್ಟೆಗೆ ಕಚ್ಚಿಕೊಂಡದ್ದು ಹೊಳೆಯ ಪಾಲಾಗುತ್ತದೆ. ಯಂತ್ರದ ಜೊತೆಗೆ ಮುಂದಿನ ಬೆಳೆಯ ಆಸೆಯೂ ಮುಳುಗುತ್ತದೆ.

ಯಾವ ಎಂಜಿನ್ನು ಶ್ರೇಷ್ಠವೆಂದು ಅಂಗಡಿಯ ಗೋಡೆಯ ಮೇಲಿನ ಅಂಕಿಗಳು ಹೇಳಲಾರವು. ಅದನ್ನು ನಿರ್ಧರಿಸುವುದು ಬಾವಿಯ ಆಳ, ದಂಡೆಯ ಏರು ಮತ್ತು ಭೀಮೆಯ ಮರ್ಜಿ.