ಅಕಿಹಬಾರಾ: ಹಳೆಯ ಆಟಗಳಿಗೆ ಮರುಜನ್ಮ ನೀಡುವ ಪೇಟೆ

ಟೋಕಿಯೋ ಮಹಾನಗರದ ಚಿಯೋದಾ ವಿಭಾಗದಲ್ಲಿ, ಕಂದಾ ನದಿಯ ಉತ್ತರಕ್ಕೆ, ಅಕಿಹಬಾರಾ ಎಂಬ ಪೇಟೆಯಿದೆ. ರೈಲಿನಿಂದ ಇಳಿದು ಹೊರಬಂದ ಪ್ರವಾಸಿಯ ಕಣ್ಣಿಗೆ ಮೊದಲು ಬೀಳುವುದು ಬಣ್ಣಬಣ್ಣದ ಫಲಕಗಳು. ಕಿವಿಗೆ ಬೀಳುವುದು ಅಂಗಡಿಗಳ ಸಂಗೀತ ಮತ್ತು ಗಿರಾಕಿಗಳನ್ನು ಕರೆಯುವ ಧ್ವನಿ. ವಿದ್ಯುತ್ತಿನಿಂದ ನಡೆಯುವ ವಸ್ತುಗಳಲ್ಲಿ ಇಲ್ಲಿ ದೊರೆಯದಿರುವುದು ವಿರಳ. ಬೆಂಗಳೂರಿನ ಎಸ್.ಪಿ. ರಸ್ತೆಯ ಇಕ್ಕಟ್ಟಾದ ಅಂಗಡಿಗಳಲ್ಲಿ ತಂತಿ, ಬಿಡಿಭಾಗಗಳ ರಾಶಿಯನ್ನು ಕಂಡವರಿಗೆ ಈ ನೋಟ ತೀರ ಅಪರಿಚಿತವೆನಿಸಲಾರದು. ಆದರೆ ಅಕಿಹಬಾರಾ ಇಂದು ಜಗತ್ತಿನಲ್ಲೆಲ್ಲ ಹೆಸರಾಗಿರುವುದು ಇನ್ನೊಂದು ಸರಕಿನಿಂದ: ಯಾರೋ ಆಡಿ, ದಣಿದು, ಬಿಟ್ಟುಕೊಟ್ಟ ವಿಡಿಯೋ ಆಟದ ಯಂತ್ರಗಳಿಂದ.

ಅಗ್ನಿಭಯದಿಂದ ಹುಟ್ಟಿದ ಹೆಸರು

ಈ ಊರಿನ ಹೆಸರಿನ ಹಿಂದೆ ಒಂದು ಬೆಂಕಿಯ ಕಥೆಯಿದೆ. 1869ರಲ್ಲಿ ಇಲ್ಲಿ ದೊಡ್ಡ ಅಗ್ನಿ ಅನಾಹುತ ಸಂಭವಿಸಿತು. ಮರದ ಮನೆಗಳ ನಗರದಲ್ಲಿ ಬೆಂಕಿ ಮುಂದೆ ಹರಡದಂತೆ, ಸುಟ್ಟ ನೆಲವನ್ನು ಬಯಲಾಗಿಯೇ ಉಳಿಸಲಾಯಿತು. 1870ರಲ್ಲಿ ಅಲ್ಲಿ ಅಗ್ನಿಭಯವನ್ನು ನಿವಾರಿಸುವ ದೇವತೆಗೊಂದು ಗುಡಿ ಎದ್ದಿತು. ಬೆಂಕಿಯಿಂದ ಕಾಯುವವನೆಂದು ಪ್ರಸಿದ್ಧನಾದ ಅಕಿಬಾ ದೇವನೇ ಇಲ್ಲಿ ನೆಲೆಸಿದ್ದಾನೆಂದು ಜನ ಭಾವಿಸಿದರು. ಆ ಜಾಗವನ್ನು 'ಅಕಿಬನ ಬಯಲು' ಎಂದು ಕರೆಯತೊಡಗಿದರು. ರೈಲುಮಾರ್ಗಕ್ಕೆ ಜಾಗ ಬೇಕಾದಾಗ, 1888ರಲ್ಲಿ, ಗುಡಿ ಬೇರೆಡೆಗೆ ಹೋಯಿತು. 1890ರಲ್ಲಿ ಸರಕು ರೈಲಿನ ನಿಲ್ದಾಣ ಬಂದಿತು. ದೇವರು ಹೋದರೂ ಹೆಸರು ಉಳಿಯಿತು.

ಎರಡನೆಯ ಮಹಾಯುದ್ಧದಲ್ಲಿ ಟೋಕಿಯೋ ಮತ್ತೊಮ್ಮೆ ಸುಟ್ಟು ಬೂದಿಯಾಯಿತು. ಯುದ್ಧಾನಂತರ ಸುತ್ತಲಿನ ಬೀದಿಗಳಲ್ಲಿ ರೇಡಿಯೋ ಬಿಡಿಭಾಗಗಳ ಮಾರಾಟ ಆರಂಭವಾಯಿತು. ಹತ್ತಿರದ ವಿದ್ಯುತ್ ತಾಂತ್ರಿಕ ಶಾಲೆಯ ವಿದ್ಯಾರ್ಥಿಗಳು ಅವನ್ನು ಕೊಂಡು ರೇಡಿಯೋ ಜೋಡಿಸಿ ಮಾರುತ್ತಿದ್ದರು. ಸೇನೆಯ ಉಗ್ರಾಣಗಳಿಂದ ಹೊರಬಿದ್ದ ಹಳೆಯ ಕವಾಟಗಳು, ತಂತಿಗಳು ಮನೆಮನೆಯ ಸುದ್ದಿಯ ಪೆಟ್ಟಿಗೆಗಳಾದವು. 1949ರಲ್ಲಿ ಅಮೆರಿಕನ್ ಆಡಳಿತವು ಬೀದಿಬದಿಯ ಅಂಗಡಿಗಳನ್ನು ತೆರವುಮಾಡಬೇಕೆಂದು ಆಜ್ಞೆ ಹೊರಡಿಸಿದಾಗ, ಈ ವ್ಯಾಪಾರಿಗಳಿಗೆ ಎತ್ತರದ ರೈಲುಹಳಿಯ ಕೆಳಗೆ ನೆಲೆ ದೊರೆಯಿತು. ಕೈ ಚಾಚಿದರೆ ಮೂರು ಗೋಡೆಗಳೂ ಮುಟ್ಟುವಷ್ಟು ಕಿರಿದಾದ ಮಳಿಗೆಗಳು ಅವು. ಒಬ್ಬರು ಬಿಸುಟದ್ದನ್ನು ಇನ್ನೊಬ್ಬರ ಕೈಗೆ ತಲುಪಿಸುವುದು ಈ ಪೇಟೆಯ ಮೊದಲ ದಿನದ ಕಸುಬು.

ಆಟದ ಯಂತ್ರಗಳ ಆಗಮನ

1983ರ ಜುಲೈ 15ರಂದು ನಿಂಟೆಂಡೋ ಸಂಸ್ಥೆಯ 'ಫ್ಯಾಮಿಕಾಮ್' ಎಂಬ ಯಂತ್ರ ಜಪಾನಿನಲ್ಲಿ ಮಾರಾಟಕ್ಕೆ ಬಂದಿತು. ಬೆಲೆ 14,800 ಯೆನ್. ಅದನ್ನು ಟೆಲಿವಿಷನ್ನಿಗೆ ಜೋಡಿಸಿ, ಆಟದ ಪೆಟ್ಟಿಗೆಯೊಂದನ್ನು ತೂರಿಸಿದರೆ ಮನೆಯೇ ಆಟದ ಮೈದಾನ. 1990ರಲ್ಲಿ ಅದರ ತಮ್ಮ ಸೂಪರ್ ಫ್ಯಾಮಿಕಾಮ್, 1994ರ ಡಿಸೆಂಬರಿನಲ್ಲಿ ಸೋನಿಯ ಪ್ಲೇಸ್ಟೇಷನ್ ಬಂದವು. ಹೊಸದು ಬಂದಂತೆಲ್ಲ ಹಳೆಯದು ಕಪಾಟು ಸೇರಿತು. ಕಪಾಟು ತುಂಬಿದಾಗ ಅಕಿಹಬಾರಕ್ಕೆ ಬಂದಿತು.

'ಸೂಪರ್ ಪೊಟ್ಯಾಟೊ' ಎಂಬ ವಿಚಿತ್ರ ಹೆಸರಿನ ಅಂಗಡಿಗೆ ಹೋಗುವವರು ಮೆಟ್ಟಿಲು ಹತ್ತಬೇಕು. ಅದು ಮೇಲಿನ ಅಂತಸ್ತುಗಳಲ್ಲಿದೆ. ಒಳಗೆ ಫ್ಯಾಮಿಕಾಮ್ ಕಾಲದ ಆಟಗಳು ಗ್ರಂಥಾಲಯದ ಪುಸ್ತಕಗಳಂತೆ ಸಾಲಾಗಿ ನಿಂತಿವೆ. ಎಲ್ಲಕ್ಕಿಂತ ಮೇಲಿನ ಅಂತಸ್ತಿನಲ್ಲಿ ನಾಣ್ಯ ಹಾಕಿ ಆಡುವ ಹಳೆಯ ಯಂತ್ರಗಳು ಇನ್ನೂ ಜೀವಂತವಾಗಿವೆ. ನರೆಗೂದಲಿನವರು ತಮ್ಮ ಬಾಲ್ಯವನ್ನು ಅರಸುತ್ತ ಬರುತ್ತಾರೆ; ವಿದೇಶೀಯರು ತಾವು ಕಾಣದ ಬಾಲ್ಯವನ್ನು ಕೊಳ್ಳಲು ಬರುತ್ತಾರೆ.

ಖರೀದಿಯ ಕಟ್ಟೆ

ಪೇಟೆಯ ನಿಜವಾದ ನಾಟಕ ನಡೆಯುವುದು ಮಾರುವ ಕಡೆಯಲ್ಲಲ್ಲ, ಕೊಳ್ಳುವ ಕಡೆಯಲ್ಲಿ. ಇಂಥ ಅಂಗಡಿಗಳಲ್ಲಿ 'ಕೈತೊರಿ' ಎಂದು ಬರೆದ ಕಟ್ಟೆಯೊಂದಿರುತ್ತದೆ. ಬಂದ ವಸ್ತುವನ್ನು ಅಂಗಡಿಯೇ ಕೊಂಡುಕೊಳ್ಳುವ ಸ್ಥಳವೆಂದು ಅದರ ಅರ್ಥ. ಚೀಲದಲ್ಲಿ ಯಂತ್ರವನ್ನು ಹೊತ್ತು ತಂದವನು ಅದನ್ನು ಒಪ್ಪಿಸಿ ಕಾಯುತ್ತಾನೆ. ಒಳಗೆ ಪರೀಕ್ಷಕನು ಯಂತ್ರಕ್ಕೆ ವಿದ್ಯುತ್ ಹರಿಸುತ್ತಾನೆ; ಮಸೂರವು ತಟ್ಟೆಯನ್ನು ಓದುತ್ತದೆಯೇ, ಕೈಗುಂಡಿಗಳು ಒತ್ತಿದರೆ ಮೇಲೇಳುತ್ತವೆಯೇ, ಯಂತ್ರದ ಸಂಖ್ಯೆಯೂ ಪೆಟ್ಟಿಗೆಯ ಸಂಖ್ಯೆಯೂ ಒಂದೇ ಆಗಿವೆಯೇ ಎಂದು ನೋಡುತ್ತಾನೆ. ಗೀರು ಇದ್ದರೆ ಕಡಿತ. ಮೂಲ ಪೆಟ್ಟಿಗೆಯಿಲ್ಲದಿದ್ದರೆ ಕಡಿತ. ತಂತಿಯೊಂದು ಕಾಣೆಯಾಗಿದ್ದರೆ ಕಡಿತ. ಬಿಸಿಲಿಗೆ ಹಳದಿ ತಿರುಗಿದ ಮೈಗೂ, ತಂಬಾಕಿನ ವಾಸನೆಗೂ ಕಡಿತ. ಕೊನೆಯಲ್ಲಿ ಒಂದು ಮೊತ್ತ ಹೇಳುತ್ತಾನೆ. ಚೌಕಾಸಿಗೆ ಅಲ್ಲಿ ಎಡೆ ಕಡಮೆ. ಒಪ್ಪಿದರೆ ಹಣ ಆ ಕ್ಷಣವೇ ಕೈಗೆ. ಒಪ್ಪದಿದ್ದರೆ ಯಂತ್ರ ಮರಳಿ ಚೀಲಕ್ಕೆ.

ಮಾರುವವನು ತನ್ನ ಗುರುತಿನ ಪತ್ರವನ್ನೂ ತೋರಿಸಬೇಕು. 1949ರಲ್ಲೇ ಜಪಾನಿನಲ್ಲಿ ಹಳೆಯ ವಸ್ತುಗಳ ವ್ಯಾಪಾರಕ್ಕೊಂದು ಕಾನೂನು ಬಂದಿದೆ. ಅಂಗಡಿಗೆ ಪರವಾನಗಿ ಇರಬೇಕು, ಯಾರಿಂದ ಏನನ್ನು ಕೊಂಡಿತೆಂಬ ದಾಖಲೆ ಇರಬೇಕು. ಕದ್ದ ಮಾಲು ಹಣವಾಗಬಾರದೆಂಬುದೇ ಇದರ ಉದ್ದೇಶ. ಕೆಟ್ಟುಹೋದ ಯಂತ್ರಕ್ಕೂ ಇಲ್ಲಿ ಗತಿಯುಂಟು. 'ಜಂಕ್' ಎಂದು ಬರೆದ ಬುಟ್ಟಿಗಳಲ್ಲಿ ಅವು ಬಿದ್ದಿರುತ್ತವೆ, ಹೊಣೆಯೆಲ್ಲ ಕೊಂಡವನದು. ಎರಡು ಸತ್ತ ಯಂತ್ರಗಳಿಂದ ಒಂದು ಬದುಕಿದ ಯಂತ್ರವನ್ನು ಮಾಡಬಲ್ಲ ಜಾಣರು ಆ ಬುಟ್ಟಿಗಳನ್ನೇ ಹುಡುಕಿಕೊಂಡು ಬರುತ್ತಾರೆ.

ಕಾಣದ ಪೇಟೆ

ಆದರೆ ಈಗ ಅಕಿಹಬಾರಕ್ಕೆ ಪ್ರತಿಸ್ಪರ್ಧಿಯೊಂದು ಹುಟ್ಟಿದೆ. ಅದಕ್ಕೆ ಬೀದಿಯಿಲ್ಲ, ಫಲಕವಿಲ್ಲ. 1999ರಲ್ಲಿ ಯಾಹೂ ಜಪಾನ್ ಇಂಟರ್ನೆಟ್ ಹರಾಜನ್ನು ಆರಂಭಿಸಿತು. 2013ರಲ್ಲಿ 'ಮೆರ್ಕರಿ' ಎಂಬ ಮೊಬೈಲ್ ಪೇಟೆ ಬಂದಿತು. ಮನೆಯಲ್ಲೇ ಕುಳಿತು ಯಂತ್ರದ ಚಿತ್ರ ತೆಗೆದು, ಬೆಲೆ ನಮೂದಿಸಿ, ದೂರದ ಹೊಕ್ಕೈದೋ ದ್ವೀಪದ ಅಪರಿಚಿತನಿಗೆ ಮಾರಬಹುದು. ಕೊಂಡವನ ಹಣವನ್ನು ಸಂಸ್ಥೆ ತನ್ನಲ್ಲಿಟ್ಟುಕೊಂಡಿದ್ದು, ವಸ್ತು ತಲುಪಿತೆಂದು ಆತ ತಿಳಿಸಿದ ಮೇಲೆ ಮಾರಿದವನಿಗೆ ಬಿಡುಗಡೆ ಮಾಡುತ್ತದೆ.

ಎಲ್ಲಿ ಮಾರಿದರೆ ಲಾಭ? ಅಂಗಡಿಯವನು ಒಂದು ಯಂತ್ರಕ್ಕೆ 10,000 ಯೆನ್ ಕೊಡುತ್ತಾನೆಂದೂ ಅದೇ ಯಂತ್ರ ಆನ್‌ಲೈನಿನಲ್ಲಿ 16,000ಕ್ಕೆ ಹೋಗುತ್ತದೆಂದೂ ಭಾವಿಸಬಹುದು. ಮೆರ್ಕರಿಯ ವಾಡಿಕೆಯ ದಳ್ಳಾಳಿ ಹತ್ತನೆಯ ಒಂದು ಪಾಲು, ಅಂದರೆ 1,600 ಯೆನ್. ಸಾಗಣೆ, ರಟ್ಟಿನ ಪೆಟ್ಟಿಗೆ, ಹೊದಿಕೆಗಳಿಗೆಂದು 1,000 ಕಳೆದರೆ ಉಳಿಯುವುದು 13,400. ಆರು ಸಾವಿರದಷ್ಟು ಕಂಡ ಅಂತರ 3,400ಕ್ಕೆ ಇಳಿಯಿತು. ಆ ಮೊತ್ತಕ್ಕಾಗಿ ಮಾರುವವನು ಯಂತ್ರವನ್ನು ಒರೆಸಬೇಕು, ತನ್ನ ಖಾತೆಯನ್ನೂ ಖಾಸಗಿ ವಿವರಗಳನ್ನೂ ಅಳಿಸಬೇಕು, ಹತ್ತು ಜನರ ಪ್ರಶ್ನೆಗಳಿಗೆ ಉತ್ತರಿಸಬೇಕು. 'ಬಂದ ಯಂತ್ರ ಕೆಟ್ಟಿದೆ' ಎಂಬ ದೂರು ಬಂದೀತೇ ಎಂದು ಕೆಲವು ದಿನ ಕಾಯಬೇಕು. ಅಂಗಡಿಯಲ್ಲಿ ಈ ಚಿಂತೆಯೆಲ್ಲ ಕಟ್ಟೆಯ ಆಚೆಗೆ ದಾಟಿಹೋಗುತ್ತದೆ. ಹಾಗಾಗಿ ಅಂಗಡಿಯವನು ಉಳಿಸಿಕೊಳ್ಳುವ ಹಣವೆಲ್ಲ ಸುಲಿಗೆಯೆನ್ನಲಾಗದು. ಅದರಲ್ಲಿ ಪರೀಕ್ಷೆಯ ಕೂಲಿಯೂ ಬಾಡಿಗೆಯೂ ನಷ್ಟದ ಭಯಕ್ಕೆ ತೆತ್ತ ಬೆಲೆಯೂ ಸೇರಿವೆ. ಸಮಯವುಳ್ಳವನಿಗೆ, ಅಪರೂಪದ ವಸ್ತುವುಳ್ಳವನಿಗೆ ಕಾಣದ ಪೇಟೆ ಲೇಸು. ಸಾಮಾನ್ಯ ಯಂತ್ರವನ್ನು ಇಂದೇ ಹಣವಾಗಿಸಬೇಕಾದವನಿಗೆ ಖರೀದಿಯ ಕಟ್ಟೆಯೇ ಲೇಸು.

ಮಾರುವ ಹಕ್ಕು

ಅಂಗಡಿಯೋ ಆನ್‌ಲೈನೋ ಎಂಬ ಈ ಪ್ರಶ್ನೆಗಿಂತ ದೊಡ್ಡ ಪ್ರಶ್ನೆಯೊಂದಿದೆ: ಕೊಂಡದ್ದನ್ನು ಮಾರುವ ಹಕ್ಕೇ ಇಲ್ಲವಾದರೆ? ಜಪಾನಿನಲ್ಲಿ ಅಂಥ ಸಂಕಟ ಬಂದದ್ದುಂಟು. ಆಟಗಳು ಚಲನಚಿತ್ರಗಳಂತೆ, ಅವುಗಳ ವಿತರಣೆಯ ಹಕ್ಕು ತಮ್ಮದೇ, ಆದ್ದರಿಂದ ತಮ್ಮ ಅನುಮತಿಯಿಲ್ಲದೆ ಹಳೆಯ ಆಟಗಳನ್ನು ಮಾರಕೂಡದು ಎಂದು ದೊಡ್ಡ ತಯಾರಕರು ಅಂಗಡಿಗಳ ಮೇಲೆ ದಾವೆ ಹೂಡಿದರು. 2002ರ ಏಪ್ರಿಲ್ 25ರಂದು ಸರ್ವೋಚ್ಚ ನ್ಯಾಯಾಲಯ ತೀರ್ಪು ನೀಡಿತು. ಆಟಗಳು ಚಲನಚಿತ್ರಗಳಂಥ ಕೃತಿಗಳೇ ಹೌದು. ಆದರೆ ಒಮ್ಮೆ ನ್ಯಾಯವಾಗಿ ಮಾರಿದ ಪ್ರತಿಯ ಮೇಲೆ ತಯಾರಕರ ವಿತರಣಾಧಿಕಾರ ಅಲ್ಲಿಗೇ ಮುಗಿಯುತ್ತದೆ. ಅಂಗಡಿಗಳು ಉಳಿದವು.

ನಾಲ್ಕು ವರ್ಷಗಳ ನಂತರ ಇನ್ನೊಂದು ಗಂಡಾಂತರ. ವಿದ್ಯುತ್ ಉಪಕರಣಗಳ ಸುರಕ್ಷತೆಯ ಹೊಸ ಕಾನೂನಿನಂತೆ, ನಿಗದಿತ ಮುದ್ರೆಯಿಲ್ಲದ ಹಳೆಯ ಉಪಕರಣಗಳನ್ನು 2006ರ ಏಪ್ರಿಲಿನಿಂದ ವ್ಯಾಪಾರಿಗಳು ಮಾರುವಂತಿರಲಿಲ್ಲ. ಅನೇಕ ಹಳೆಯ ಆಟದ ಯಂತ್ರಗಳಿಗೂ ಇದು ಅನ್ವಯಿಸುತ್ತಿತ್ತು. ವ್ಯಾಪಾರಿಗಳು ಕೂಗೆಬ್ಬಿಸಿದರು; ಹಳೆಯ ವಿದ್ಯುತ್ ವಾದ್ಯಗಳ ಪರವಾಗಿ ಸಂಗೀತಗಾರ ರ್ಯೂಯಿಚಿ ಸಕಾಮೊಟೊ ಅವರೂ ದನಿಗೂಡಿಸಿದರು. ಸರ್ಕಾರ ಸಡಿಲಿಸಬೇಕಾಯಿತು.

ಈಗಿನ ಸಂಕಟ ನ್ಯಾಯಾಲಯದ ಬಾಗಿಲಿಗೆ ಬಾರದೆ ಸದ್ದಿಲ್ಲದೆ ಬರುತ್ತಿದೆ. 2020ರ ನವೆಂಬರಿನಲ್ಲಿ ಹೊರಬಂದ ಪ್ಲೇಸ್ಟೇಷನ್ 5ರ ಒಂದು ಮಾದರಿಯಲ್ಲಿ ತಟ್ಟೆ ಹಾಕುವ ಬಾಯಿಯೇ ಇಲ್ಲ. ಆಟವನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಬೇಕು. ಹೀಗೆ ಕೊಂಡ ಆಟ ಕೊಂಡವನ ಖಾತೆಗೆ ಅಂಟಿಕೊಂಡಿರುತ್ತದೆ. ಯಂತ್ರವನ್ನು ಮಾರಿದರೂ ಆಟ ಅದರೊಡನೆ ಹೋಗದು, ಕಟ್ಟೆಯ ಮೇಲೆ ಇಡಲು ಅದಕ್ಕೆ ದೇಹವೇ ಇಲ್ಲ. ನಿಂಟೆಂಡೋ ಸಂಸ್ಥೆ ತನ್ನ 3ಡಿಎಸ್ ಮತ್ತು ವಿ-ಯು ಯಂತ್ರಗಳ ಇಂಟರ್ನೆಟ್ ಅಂಗಡಿಯಲ್ಲಿ ಮಾರಾಟವನ್ನು 2023ರ ಮಾರ್ಚಿನಲ್ಲಿ ನಿಲ್ಲಿಸಿತು. ಅಲ್ಲಿ ಮಾತ್ರ ದೊರೆಯುತ್ತಿದ್ದ ಆಟಗಳನ್ನು ಹೊಸಬರು ಕೊಳ್ಳುವ ದಾರಿ ಅಂದಿಗೆ ಮುಚ್ಚಿತು. ನಲವತ್ತು ವರ್ಷ ಹಿಂದಿನ ಫ್ಯಾಮಿಕಾಮಿನ ಆಟವಾದರೋ ಇಂದಿಗೂ ಅಕಿಹಬಾರದ ಕಪಾಟಿನಲ್ಲಿ ಗಿರಾಕಿಗಾಗಿ ಕಾದಿದೆ.

ಸಂಜೆಯಾದಂತೆ ಚುವೋ ಹೆದ್ದಾರಿಯ ದೀಪಗಳು ಹತ್ತುತ್ತವೆ. ಎತ್ತರದ ಹಳಿಯ ಮೇಲೆ ರೈಲುಗಳು ಗುಡುಗುತ್ತ ಸಾಗುತ್ತವೆ. ಕೆಳಗಿನ ಮಳಿಗೆಗಳಲ್ಲಿ ತಂತಿ, ಗುಂಡಿ, ಕವಾಟಗಳ ವ್ಯಾಪಾರ ನಡೆಯುತ್ತಲೇ ಇರುತ್ತದೆ. ಖರೀದಿಯ ಕಟ್ಟೆಯಲ್ಲಿ ಒಬ್ಬ ಯುವಕ ಯಂತ್ರವೊಂದನ್ನು ಒಪ್ಪಿಸಿ ನೋಟುಗಳನ್ನು ಎಣಿಸಿಕೊಳ್ಳುತ್ತಾನೆ. ಅದು ನಾಳೆ ಚೀಟಿ ಅಂಟಿಸಿಕೊಂಡು ಕಪಾಟಿಗೇರುತ್ತದೆ. ಮುಂದೊಂದು ದಿನ ಮತ್ತೊಂದು ಮನೆಯ ಮಕ್ಕಳ ಕೈಸೇರುತ್ತದೆ. ವಸ್ತುವಿಗೆ ದೇಹವಿರುವವರೆಗೆ, ಅದನ್ನು ಕೊಂಡವನಿಗೆ ಮಾರುವ ಹಕ್ಕಿರುವವರೆಗೆ, ಅಗ್ನಿದೇವನ ಈ ಬಯಲಿನಲ್ಲಿ ಹಳೆಯದಕ್ಕೆ ಅಂತ್ಯವೆಂಬುದಿಲ್ಲ.